ನಲವತ್ತಮೂರು ಮನೆಗಳಲ್ಲಿ ಅಕ್ಕ

ಅಕ್ಕನ ಚಿತ್ರವನ್ನು ನಾನು ಬರೆದದ್ದು ಇಪ್ಪತ್ತಾರು ವರ್ಷಗಳ ಹಿಂದೆ. ಆಗ ಅವಳಿಗೆ ಮೂವತ್ತನಾಲ್ಕು, ನನಗೆ ಇಪ್ಪತ್ತೆಂಟು. ದೂರದ ಊರಿನ ಶಾಲೆಯಲ್ಲಿ ಟೀಚರಾಗಿದ್ದವಳು ಬೇಸಿಗೆ ರಜೆಗೆ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಾಳಿಗೆಗೆ ಹೋಗಿ ಕೂದಲು ಹರವಿಕೊಂಡು ಬಿಸಿಲಿಗೆ ಕೂತಳು. ಬಟ್ಟೆ ಒಣಹಾಕಲು ಹೋದ ನಾನು ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಣ್ಣದ ಪೆಟ್ಟಿಗೆ ತಂದೆ. ಹಾಗೇ ಕೂತಿರು, ಬರೀತೀನಿ ಅಂದೆ. ಅವಳು ಕೂತಳು. ಮೂರು ಬೆಳಿಗ್ಗೆ ಅದೇ ಹೊತ್ತಿಗೆ ಬಂದು, ಅದೇ ಜಾಗದಲ್ಲಿ, ಪಕ್ಕದ ಓಣಿಯ ಕಡೆ ಮುಖ ಮಾಡಿ ಕೂತಳು. ಓಣಿಯಲ್ಲಿ ಏನು ಕಂಡು ನಗುತ್ತಿದ್ದಳೋ ನಾನು ಕೇಳಲಿಲ್ಲ. ಕೈ ಅಷ್ಟು ಚೆನ್ನಾಗಿ ಓಡುತ್ತಿರುವಾಗ ಮಾತಾಡಬಾರದು ಎನ್ನುವುದಷ್ಟೇ ನನಗೆ ಗೊತ್ತಿತ್ತು. ಅದಕ್ಕೆ ಮೊದಲೂ ಆಮೇಲೂ ಬೇಕಾದಷ್ಟು ಬರೆದಿದ್ದೇನೆ. ಯಾವುದೂ ಹಾಗೆ ಬಂದಿಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಊರಿನಲ್ಲಿ ಮೂಲ ಚಿತ್ರವನ್ನು ಯಾರೂ ಕೊಳ್ಳುವುದಿಲ್ಲ. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ತಾಪತ್ರಯದ ಕೆಲಸ. ಮೂಲಕ್ಕೆ ಏನೇ ಆದರೂ ಅದು ಆ ಕ್ಷಣವೇ ಎಲ್ಲ ಪ್ರತಿಗಳಿಗೂ ಆಗುತ್ತದೆ. ನಾವು ಚಿತ್ರಕಾರರು ಮೂಲಗಳನ್ನು ಒಳಕೋಣೆಯ ಬೀರುವಿನಲ್ಲಿ ಬಿಳಿ ಬಟ್ಟೆ ಮುಚ್ಚಿ ಇಡುತ್ತೇವೆ, ಜಿರಲೆಗೆ ಗುಳಿಗೆ ಹಾಕುತ್ತೇವೆ, ಮಳೆಗಾಲಕ್ಕೆ ಮುಂಚೆ ಹಂಚು ನೋಡಿಸುತ್ತೇವೆ. ಮೇಲಿನ ಪೇಟೆಯ ವೀರಭದ್ರಾಚಾರ್ಯರು ಒಂದು ವರ್ಷ ಹಂಚು ನೋಡಿಸದೆ ಬಿಟ್ಟರು. ಒಂದು ಹನಿ ಸೋರಿ ಅವರ ಹಸು-ಕರುವಿನ ಚಿತ್ರದ ಮೇಲೆ ಬಿತ್ತು. ಅರವತ್ತು ಮನೆಯ ಹಸುಗಳ ಕಣ್ಣಿನ ಕೆಳಗೆ ಗೆರೆ ಬಂತು. ಅರ್ಧ ಊರು ಅದನ್ನು ಸರಿಮಾಡಿ ಎಂದು ಬಂದು ಕೂತರೆ, ಇನ್ನರ್ಧ ಊರು ಹಸು ಅಳುತ್ತಿದೆ, ಹಾಗೇ ಇರಲಿ, ಚೆನ್ನಾಗಿದೆ ಎಂದಿತು. ಸರಿಮಾಡಲು ಆಗಲಿಲ್ಲ. ಯಾಕೆಂದರೆ ಒಂದು ಪ್ರತಿ ಮಾರಾಟವಾದ ಮೇಲೆ ಚಿತ್ರಕಾರ ಮೂಲವನ್ನು ಮುಟ್ಟಬೇಕಾದರೆ ಪ್ರತಿ ಇರುವ ಎಲ್ಲ ಮನೆಗಳಿಗೂ ಹೋಗಿ ಕೇಳಬೇಕು. ಒಂದು ಮನೆ ಬೇಡ ಅಂದರೂ ಕುಂಚ ಇಡಬಾರದು. ಆ ಹಸು ಈಗಲೂ ಅಳುತ್ತಿದೆ.

ಅಕ್ಕನ ಚಿತ್ರಕ್ಕೆ ಪ್ರತಿ ತೆಗೆಸಿದ್ದು ನಾನು ಬರೆದು ಎರಡು ವರ್ಷವಾದ ಮೇಲೆ. ಬಸ್ ಸ್ಟ್ಯಾಂಡಿನ ಹಿಂದೆ ಮೌನೇಶನ ಪ್ರೆಸ್ಸು ಇದೆ. ಅವನು ನಮ್ಮಂಥವರ ಚಿತ್ರಗಳನ್ನೆಲ್ಲ ಅಚ್ಚು ಹಾಕಿ ಅಂಗಡಿಯ ಮುಂದೆ ತಂತಿಗೆ ಕ್ಲಿಪ್ಪು ಸಿಕ್ಕಿಸಿ ತೂಗುಹಾಕುತ್ತಾನೆ. ಇದಕ್ಕೆ ಅವನೇ 'ಮಾಳಿಗೆಯ ಹೆಂಗಸು' ಎಂದು ಹೆಸರಿಟ್ಟ. ಒಂದೊಂದು ಪ್ರತಿಯ ಕೆಳಗೂ ನಾನು ಪೆನ್ಸಿಲ್ಲಿನಲ್ಲಿ ಸಹಿ ಮಾಡಿಕೊಟ್ಟೆ. ಅದು ಹೋಗುತ್ತಾ ಹೋಗುತ್ತಾ ನಲವತ್ತಮೂರು ಮನೆ ಸೇರಿತು. ನಮ್ಮ ಊರಿನಲ್ಲಿ ಮನುಷ್ಯರ ಚಿತ್ರಕ್ಕೆ ಅದು ದೊಡ್ಡ ಸಂಖ್ಯೆ. ಜನ ಕೊಳ್ಳುವುದು ನವಿಲು, ಹಸು, ಹಡಗು. ನನ್ನ ಜೀವನ ನಡೆದದ್ದು ಬಹುಮಟ್ಟಿಗೆ ಅಕ್ಕನಿಂದಲೇ. ಅವಳಿಗೆ ಇದನ್ನು ಕಾಗದದಲ್ಲಿ ಬರೆದಿದ್ದೆನೋ ಇಲ್ಲವೋ ನೆನಪಿಲ್ಲ. ಬರೆದಿರಲಿಲ್ಲ ಎನ್ನುವುದೇ ನಿಜವಿರಬೇಕು.

ಅಕ್ಕ ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಆ ಬೇಸಿಗೆಯಾದ ಮೇಲೆ ಅವಳು ಊರಿಗೆ ಬಂದದ್ದು ಅಪರೂಪ, ನಾನೇ ಅಲ್ಲಿಗೆ ಹೋಗಿಬರುತ್ತಿದ್ದೆ. ಅರವತ್ತಕ್ಕೆ ನಿವೃತ್ತಳಾಗಿ, ಎರಡು ಟ್ರಂಕು, ಒಂದು ಹೊಲಿಗೆ ಮಿಷನ್ನು ತೆಗೆದುಕೊಂಡು ನನ್ನ ಜೊತೆ ಇರಲು ಬಂದಳು. ಅಷ್ಟು ಹೊತ್ತಿಗೆ ಅವಳ ಕೂದಲು ನರೆತು, ಉದುರಿ, ಉಳಿದದ್ದನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದಳು. ದಪ್ಪ ಕನ್ನಡಕ ಬಂದಿತ್ತು. ತರಗತಿಯಲ್ಲಿ ಹಿಂದಿನ ಬೆಂಚು ನೋಡಿ ನೋಡಿ ಹುಬ್ಬಿನ ನಡುವೆ ಎರಡು ಗೆರೆ ನಿಂತಿತ್ತು. ನನಗೆ ಅವಳು ಅಕ್ಕನ ಹಾಗೇ ಕಾಣುತ್ತಿದ್ದಳು. ಊರಿಗೆ ಹಾಗೆ ಕಾಣಲಿಲ್ಲ.

ಮೊದಲ ವಾರವೇ ಹಿಟ್ಟು ಬೀಸಿಸಲು ರೇವಣ್ಣನ ಗಿರಣಿಗೆ ಹೋಗಿದ್ದಳಂತೆ. ರೇವಣ್ಣ ಇಪ್ಪತ್ತು ವರ್ಷದಿಂದ ಅವಳ ಪ್ರತಿಯನ್ನು ಮಿಷನ್ನಿನ ಮೇಲೆ ತೂಗುಹಾಕಿದ್ದಾನೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಅದರ ಮೇಲಿನ ಹಿಟ್ಟು ಕೊಡವುತ್ತಾನೆ. ಅವನು ಅಕ್ಕನನ್ನು ನೋಡಿದ, ಚಿತ್ರ ನೋಡಿದ, ಮತ್ತೆ ಅಕ್ಕನನ್ನು ನೋಡಿದ. ಬೀಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಸತ್ತವರ ಮನೆಯವರಿಂದ ಅವನು ದುಡ್ಡು ತೆಗೆದುಕೊಳ್ಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಒಬ್ಬಾಕೆ, ಹೇಗಿದ್ದವರು ಹೇಗಾಗಿಬಿಟ್ಟಿರಿ ಎಂದು ಕೈ ಹಿಡಿದುಕೊಂಡಳು. ದವಾಖಾನೆಯಲ್ಲಿ ಕಾಯುವಾಗ ಎದುರು ಗೋಡೆಯ ಮೇಲೆ ಅವಳೇ ಇದ್ದಳು. ಪಕ್ಕದಲ್ಲಿ ಕೂತವರೆಲ್ಲ ಎರಡನ್ನೂ ಹೋಲಿಸಿ ನೋಡಿದರು. ಇವನ್ನೆಲ್ಲ ಅವಳು ನನಗೆ ಆಗಾಗ, ನಗುತ್ತಲೇ ಹೇಳಿದ್ದಳು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು.

"ಅನಸೂ, ಆ ಚಿತ್ರದಿಂದ ನನ್ನನ್ನ ತೆಗೆದುಬಿಡು."

ಯಾಕೆ ಎಂದು ಕೇಳಿದ್ದು ನನ್ನ ತಪ್ಪು. ಅವಳು ಕೀರೆಸೊಪ್ಪಿನ ದಂಟನ್ನು ಪಟಪಟ ಮುರಿಯುತ್ತಾ ಇದ್ದಳು.

"ನೀನು ಬರೀತೀನಿ ಅಂದೆ, ನಾನು ಕೂತೆ. ಮನೆ ಮನೆಗೂ ಕಳಿಸ್ತೀನಿ ಅಂತ ಹೇಳಿರಲಿಲ್ಲ."

ಮಾರನೆಯ ದಿನ ಮೌನೇಶನ ಹತ್ತಿರ ಹೋಗಿ ಪ್ರತಿ ಇರುವ ಮನೆಗಳ ಪಟ್ಟಿ ಬರೆಸಿಕೊಂಡು ಬಂದೆ.

ಮನೆ ಮನೆಗೆ ಹೋಗಿ ಕೇಳುವ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಒಮ್ಮೆ ಬರೆದದ್ದನ್ನು ತಿದ್ದಬೇಕು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಇನ್ನೊಂದೆಂದರೆ, ನನ್ನ ಚಿತ್ರ ಯಾರ ಮನೆಯಲ್ಲಿ ಎಲ್ಲಿದೆ ಎಂದು ನೋಡುವ ಧೈರ್ಯವೂ ಇರಲಿಲ್ಲ. ಈಗ ನೋಡಿದೆ. ಒಬ್ಬರ ಮನೆಯಲ್ಲಿ ಅದು ಕರೆಂಟ್ ಮೀಟರನ್ನು ಮರೆಮಾಡಿತ್ತು. ಒಬ್ಬರು ಚೌಕಟ್ಟಿಗೆ ಹಿಡಿಸಲಿಲ್ಲ ಎಂದು ಮಾಳಿಗೆಯ ಅರ್ಧ ಕತ್ತರಿಸಿದ್ದರು. ಒಬ್ಬ ದರ್ಜಿ ಅಕ್ಕನ ರವಿಕೆಯ ಕೊರಳನ್ನು ಗಿರಾಕಿಗಳಿಗೆ ತೋರಿಸಿ, ಇಂಥದ್ದು ಬೇಕಾ ಎಂದು ಕೇಳುತ್ತಿದ್ದ. ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದಾಗಲೆಲ್ಲ ಹೆಂಡತಿ ಹೋಗಿ ಆ ಚಿತ್ರದ ಕೆಳಗೆ ಕೂರುತ್ತಿದ್ದಳಂತೆ, ಅಲ್ಲಿ ಕೂತಾಗ ಯಾರೂ ಮಾತಾಡಿಸಬಾರದು ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ಬಹಳಷ್ಟು ಜನ ಒಪ್ಪಿದರು. ತೆಗೆದ ಜಾಗದಲ್ಲಿ ಏನು ಬರೀತೀರಿ ಎನ್ನುವುದೇ ಅವರ ಪ್ರಶ್ನೆಯಾಗಿತ್ತು. ಏನೂ ಬರೆಯುವುದಿಲ್ಲ, ಮಾಳಿಗೆ, ಬಿಸಿಲು, ಹಗ್ಗದ ಮೇಲಿನ ಸೀರೆ, ಅಷ್ಟೇ ಇರುತ್ತದೆ ಎಂದೆ. ಒಬ್ಬರು ಗಿಣಿ ಕೂರಿಸಿ ಎಂದರು. ಪಕ್ಕದ ಮನೆಯ ಇಂದಿರಮ್ಮ, ಅಲ್ಲಿ ಹಪ್ಪಳ ಒಣಹಾಕಿದ ಹಾಗೆ ಬರಿ, ಖಾಲಿ ಮಾಳಿಗೆ ನೋಡೋಕಾಗಲ್ಲ ಎಂದರು. ರೇವಣ್ಣ ಮಿಷನ್ನು ನಿಲ್ಲಿಸಿ, ಅವರೇ ಬೇಡ ಅಂದ ಮೇಲೆ ನಾನು ಯಾರು ಎಂದ. ಹೀಗೆ ಹನ್ನೊಂದು ದಿನದಲ್ಲಿ ನಲವತ್ತೆರಡು ಮನೆ ಮುಗಿಯಿತು.

ನಲವತ್ತಮೂರನೆಯದು ಬೀಗ ರಿಪೇರಿಯ ತಿಪ್ಪೇಶಪ್ಪನದು. ತರಕಾರಿ ಮಾರ್ಕೆಟ್ಟಿನ ಮೂಲೆಯಲ್ಲಿ ಅವನದೊಂದು ಗೂಡಂಗಡಿ ಇದೆ, ಹಿಂದಿನ ಸಾಲಿನಲ್ಲಿ ಮನೆ. ಐವತ್ತೈದರ ಸುಮಾರಿನ, ಮೆತ್ತಗೆ ಮಾತಾಡುವ ಮನುಷ್ಯ. ನಾನು ಹೇಳುವುದನ್ನೆಲ್ಲ ಹೊಸ್ತಿಲಲ್ಲಿ ನಿಂತೇ ಕೇಳಿದ. ಒಳಗೆ ಕರೆಯಲಿಲ್ಲ. "ಆಗಲ್ಲ ತಾಯಿ, ಬೇಜಾರು ಮಾಡ್ಕೋಬೇಡಿ" ಎಂದು ಬಾಗಿಲನ್ನು ಶಬ್ದವಾಗದ ಹಾಗೆ ಮುಚ್ಚಿದ.

ಮನೆಗೆ ಬರುವಾಗ ನನಗೆ ಆದದ್ದನ್ನು ಹೇಳಿಬಿಡುತ್ತೇನೆ. ಹಗುರವಾಯಿತು. ಅಕ್ಕನಿಗೋಸ್ಕರ ಅಷ್ಟು ಮನೆ ಅಲೆದಿದ್ದೆ, ಹೌದು. ಆದರೆ ಬೆಳಿಗ್ಗೆ ಎದ್ದು ಬೀರು ತೆಗೆದು, ಬಿಳಿ ಬಟ್ಟೆ ಸರಿಸಿ, ನನ್ನ ಜೀವಮಾನದಲ್ಲಿ ಸರಿಯಾಗಿ ಬಂದ ಒಂದೇ ಒಂದು ಚಿತ್ರದ ಮೇಲೆ ಸುಣ್ಣದ ಬಣ್ಣ ಬಳಿಯಬೇಕಾದ ದಿನ ಹತ್ತಿರ ಬರುತ್ತಿದ್ದ ಹಾಗೆ ನನಗೆ ಊಟ ಸೇರುತ್ತಿರಲಿಲ್ಲ. ಒಬ್ಬ ಬೇಡ ಅಂದ, ಮುಗಿಯಿತು. ಅಕ್ಕನಿಗೆ ಹಾಗೇ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದವಳು. "ಯಾಕೆ ಬೇಡ ಅಂದ ಅಂತ ಕೇಳ್ಕೊಂಡು ಬಾ" ಎಂದಳು.

ಎರಡನೆಯ ಸಲ ಅಂಗಡಿಗೇ ಹೋದೆ. ತಿಪ್ಪೇಶಪ್ಪ ಒಂದು ದೊಡ್ಡ ಬೀಗದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದ. ಅವನ ಹೆಂಡತಿ ಮಗಳನ್ನು ಹೆತ್ತ ಮೂರನೆಯ ದಿನ ಹೋದಳು. ಮದುವೆಯಲ್ಲಿ ತೆಗೆಸಿದ ಫೋಟೋ ಸ್ಟುಡಿಯೋದವನ ಕೈಯಲ್ಲೇ ಹಾಳಾಗಿತ್ತು, ಬೇರೆ ಇರಲಿಲ್ಲ. ಮಗಳು ಎರಡು ವರ್ಷದವಳಾಗಿ, ಬೇರೆ ಮಕ್ಕಳ ಅಮ್ಮಂದಿರನ್ನು ನೋಡಿ, ನನ್ನ ಅಮ್ಮ ಎಲ್ಲಿ ಎಂದು ಕೇಳಲು ಶುರುಮಾಡಿದಾಗ ಅವನು ಮೌನೇಶನ ಅಂಗಡಿಯ ಮುಂದೆ ತೂಗುಹಾಕಿದ್ದ ಚಿತ್ರಗಳಲ್ಲಿ ಇದನ್ನು ಕಂಡ. ಹೆಂಡತಿಯ ಹೋಲಿಕೆ ಏನೂ ಇರಲಿಲ್ಲ. ಅವಳೂ ಹೀಗೆ ತಲೆ ಒಣಗಿಸುತ್ತಾ ಕೂರುತ್ತಿದ್ದಳು, ಅಷ್ಟೇ. ಕೊಂಡು ತಂದು ಗೋಡೆಗೆ ಹಾಕಿ ಮಗಳಿಗೆ ತೋರಿಸಿದ. ಅವಳು ಒಂದನೆಯ ಕ್ಲಾಸಿನಲ್ಲಿದ್ದಾಗ ಗೆಳತಿಯ ಮನೆಗೆ ಆಡಲು ಹೋದವಳು ಅಳುತ್ತಾ ಓಡಿಬಂದಳಂತೆ. ನಮ್ಮಮ್ಮ ಅವರ ಮನೆ ಗೋಡೆ ಮೇಲೆ ಯಾಕಿದ್ದಾಳೆ ಎಂದು. ನಿಮ್ಮಮ್ಮನನ್ನು ಕಂಡರೆ ಊರಿನವರಿಗೆಲ್ಲ ಅಷ್ಟು ಇಷ್ಟ, ಅದಕ್ಕೇ ಇಟ್ಟುಕೊಂಡಿದ್ದಾರೆ ಎಂದು ಇವನು ಹೇಳಿದ. ಅವಳು ನಂಬಿದಳು, ಆಮೇಲೆ ಯಾವತ್ತೂ ಕೇಳಲಿಲ್ಲ.

"ಈಗ ಅವಳಿಗೆ ಇಪ್ಪತ್ತೆರಡು. ಒಂದು ದಿನ ಎದ್ದು ನೋಡಿದರೆ ಅಮ್ಮ ಇರಲ್ಲ. ನಾನೇನು ಹೇಳಲಿ?" ಎಂದು ಅವನು ಮತ್ತೆ ಬೀಗದ ಕಡೆ ಬಗ್ಗಿದ.

ನಾನು ಇದನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿದೆ. ಅವತ್ತಿನಿಂದ ಅವಳು ಚಿತ್ರದ ಸುದ್ದಿ ಎತ್ತಲಿಲ್ಲ. ಎಂದಿನ ಹಾಗೆ ದಿನಾ ಹತ್ತು ಗಂಟೆಗೆ ಬಸ್ಸು ಹಿಡಿದು ಲೈಬ್ರರಿಗೆ ಹೋಗುವುದು, ಮಧ್ಯಾಹ್ನ ಬರುವುದು. ವಿಷಯ ಅಲ್ಲಿಗೇ ನಿಂತಿತು ಅಂದುಕೊಂಡೆ. ನಿಲ್ಲಲಿ ಎಂದೂ ಇತ್ತು.

ಮುಂದಿನ ಗುರುವಾರ ಸಂಜೆ ನಾಲ್ಕರ ಹೊತ್ತಿಗೆ ಒಬ್ಬ ಹುಡುಗಿ ನಮ್ಮ ಮನೆಯ ಗೇಟು ತೆಗೆದುಕೊಂಡು ಬಂದಳು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಸಿಟಿ ಬಸ್ಸಿನ ಕಂಡಕ್ಟರು. ಒಳಗಿನಿಂದ ಬಂದ ಅಕ್ಕ, ಏನಮ್ಮಾ ನೀನು ಇಲ್ಲಿ, ಚಿಲ್ಲರೆ ಕೊಡೋದು ಮರೆತಿದ್ದೆಯಾ ಎಂದು ಕೇಳಿದಳು. ಅಕ್ಕ ದಿನಾ ಹತ್ತುವ ಬಸ್ಸಿನ ಕಂಡಕ್ಟರು ಇವಳೇ ಅಂತೆ. ಬಸ್ಸು ಎಷ್ಟೇ ತುಂಬಿದ್ದರೂ ಯಾರನ್ನಾದರೂ ಎಬ್ಬಿಸಿ ತನಗೆ ಕಿಟಕಿಯ ಸೀಟು ಕೊಡಿಸುತ್ತಾಳೆ ಎಂದು ಅಕ್ಕ ನನಗೆ ಹಿಂದೊಮ್ಮೆ ಹೇಳಿದ್ದಳು.

ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು, ತನ್ನ ಹೆಸರು ಶಾಂಭವಿ, ಬೀಗದ ತಿಪ್ಪೇಶಪ್ಪನ ಮಗಳು ಎಂದಳು.

ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಅಕ್ಕನನ್ನು ನೋಡುತ್ತಿರಲಿಲ್ಲ, ದಿನಾ ನೋಡಿದವಳಿಗೆ ಈಗ ನೋಡಲು ನಾಚಿಕೆಯಾದಂತಿತ್ತು. ನಾನು ಅವರ ಮನೆಗೆ ಹೋಗಿದ್ದು, ಅಂಗಡಿಗೆ ಹೋಗಿದ್ದು ಎರಡೂ ಅವಳಿಗೆ ಅಕ್ಕಪಕ್ಕದವರಿಂದ ತಿಳಿದಿತ್ತು. ಯಾತಕ್ಕೆ ಎನ್ನುವುದನ್ನು ಮೌನೇಶನ ಹತ್ತಿರ ಕೇಳಿಕೊಂಡು ಬಂದಿದ್ದಳು. ಚಿತ್ರದಲ್ಲಿರುವುದು ತನ್ನ ತಾಯಿ ಅಲ್ಲ ಎಂದು ಅವಳಿಗೆ ಹನ್ನೊಂದನೆಯ ವರ್ಷದಲ್ಲೇ ಗೊತ್ತಾಗಿತ್ತು. ಗೋಡೆಗೆ ಸುಣ್ಣ ಹೊಡೆಸಲು ಚಿತ್ರ ಕೆಳಗಿಳಿಸಿದಾಗ ಅಮ್ಮನ ಕಾಲ ಬಳಿ ಪೆನ್ಸಿಲ್ಲಿನಲ್ಲಿ ಯಾರದೋ ಸಹಿ ಕಂಡಿತು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರನ್ನು ಕೇಳಿದಳು. ಅದು ಅಂಗಡಿಯಲ್ಲಿ ಸಿಗುವ ಚಿತ್ರ, ಯಾರು ಬೇಕಾದರೂ ಕೊಳ್ಳಬಹುದು ಎಂದರು. ಅಪ್ಪನಿಗೆ ಮಾತ್ರ ಅವಳು ಹೇಳಲಿಲ್ಲ. ಅಪ್ಪ ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು ಎಂದಳು.

"ಆಮೇಲೂ ಗೋಡೆ ಮೇಲೆ ಇಟ್ಕೊಂಡೆಯಲ್ಲ" ಎಂದಳು ಅಕ್ಕ. ಆ ಮಾತಿನಲ್ಲಿ ಆಕ್ಷೇಪ ಇರಲಿಲ್ಲ, ತಿಳಿದುಕೊಳ್ಳಬೇಕು ಎಂದಷ್ಟೇ ಇತ್ತು.

"ಮತ್ತೆ ಯಾರ ಮುಖ ಇಟ್ಕೊಳ್ಳಲಿ, ಟೀಚರ್?"

ಅವಳು ಬಂದದ್ದು, ಅಪ್ಪ ಬೇಡ ಅಂದಿದ್ದನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳುವುದಕ್ಕೆ. ನನಗೇನೂ ಅಡ್ಡಿಯಿಲ್ಲ, ಹೇಗಾದರೂ ಅಪ್ಪನಿಗೆ ತಿಳಿಸಿ ಹೇಳುತ್ತೇನೆ, ನಿಮಗೆ ಬೇಡವಾದದ್ದು ನಮ್ಮ ಮನೆಯಲ್ಲಿ ಇರಬಾರದು ಎಂದಳು. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದಳು.

ಅಕ್ಕ ಅವತ್ತು ಸಂಜೆಯೆಲ್ಲ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ತುಳಿಯುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಕರೆದು, ಅಳಿಸುವುದು ಬೇಡ, ಅದೇ ಜಾಗದಲ್ಲಿ ಈಗ ಹೇಗಿದ್ದೀನೋ ಹಾಗೆ ಬರಿ ಎಂದಳು. ನನಗೆ ಅರ್ಥವಾಗಲಿಲ್ಲ. ಮೊದಲು ತೆಗೆ ಅಂದೆಯಲ್ಲ, ಎಂದೆ.

"ನಾನು ಆ ಮನೆಗಳಿಂದ ಹೋಗಬೇಕು ಅಂದ್ಕೊಂಡಿದ್ದೆ. ಹಾಗಲ್ಲ. ಹೋಗಬೇಕಾದವಳು ಅವಳು, ಆ ಮೂವತ್ತನಾಲ್ಕರವಳು. ಎಲ್ಲಿ ಹೋದರೂ ನನಗಿಂತ ಮುಂಚೆ ಹೋಗಿ ಕೂತಿರ್ತಾಳೆ."

ನಾನು ಒಪ್ಪಲಿಲ್ಲ. ಇದು ನಮ್ಮಿಬ್ಬರ ನಡುವೆ ನಡೆದ ಒಂದೇ ನಿಜವಾದ ಜಗಳ, ಎರಡು ದಿನ ನಡೆಯಿತು. ಬೇರೆ ಕ್ಯಾನ್ವಾಸಿನಲ್ಲಿ ಹೊಸದಾಗಿ ಬರೆಯುತ್ತೇನೆ, ಅದಕ್ಕೂ ಪ್ರತಿ ತೆಗೆಸೋಣ ಎಂದೆ. ಅದನ್ನು ಯಾರು ಕೊಳ್ಳುತ್ತಾರೆ ಎಂದು ಅವಳು ಕೇಳಿದಳು. ಖಾಲಿ ಮಾಳಿಗೆಯಾದರೆ ನನ್ನ ಬಿಸಿಲಾದರೂ ಉಳಿಯುತ್ತದೆ ಎಂದು ನಾನು ಮನಸ್ಸಿನೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಮುಖದ ಮೇಲೆ ಮುಖ ಬರೆದು ಕೆಟ್ಟರೆ ಏನೂ ಉಳಿಯುವುದಿಲ್ಲ. ಕೊನೆಗೆ, ನನಗೆ ಅದಕ್ಕಿಂತ ಚೆನ್ನಾಗಿ ಬರೆಯಲು ಬರುವುದಿಲ್ಲ ಅಕ್ಕ, ಇಪ್ಪತ್ತಾರು ವರ್ಷದಿಂದ ಬಂದಿಲ್ಲ ಎಂದು ಹೇಳಿಬಿಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳು, ಚೆನ್ನಾಗಿ ಬರಬೇಕು ಅಂತ ಯಾರು ಹೇಳಿದರು ಎಂದಳು.

ಮತ್ತೆ ಮೊದಲಿನಿಂದ ಮನೆ ಮನೆ ಅಲೆದೆ. ಖಾಲಿ ಮಾಳಿಗೆಗೆ ಒಪ್ಪಿದ್ದ ಜನ ಇದಕ್ಕೆ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಇಲ್ಲದಿದ್ದರೆ ಇಲ್ಲ, ಆದರೆ ವಯಸ್ಸಾದವರನ್ನು ಯಾರು ನಡುಮನೆಯ ಗೋಡೆ ಮೇಲೆ ಇಟ್ಟುಕೊಳ್ಳುತ್ತಾರೆ ಎಂದು ಒಬ್ಬರು ನೇರವಾಗಿಯೇ ಕೇಳಿದರು. ಅವರ ಸ್ವಂತ ಅತ್ತೆ ಒಳಗಿನ ಕೋಣೆಯಲ್ಲಿ ಕೆಮ್ಮುತ್ತಿದ್ದರು. ಒಂಬತ್ತು ಮನೆಯವರು ಪ್ರತಿಯನ್ನೇ ವಾಪಸು ಕೊಟ್ಟರು. ವಾಪಸು ಕೊಟ್ಟ ಮನೆಯನ್ನು ಆಮೇಲೆ ಕೇಳಬೇಕಾಗಿಲ್ಲ. ಉಳಿದವರು ಒಬ್ಬೊಬ್ಬರಾಗಿ ಒಪ್ಪಿದರು. ದರ್ಜಿ ಕೊರಳಿನ ಆಕಾರ ಬದಲಾಗುವುದಿಲ್ಲ ತಾನೇ ಎಂದು ಖಚಿತಮಾಡಿಕೊಂಡು ಒಪ್ಪಿದ. ಜಗಳವಾದಾಗ ಚಿತ್ರದ ಕೆಳಗೆ ಕೂರುವ ಹೆಂಗಸು, ಮುಂದೆಯೂ ಅಲ್ಲಿ ಕೂರಬಹುದಲ್ಲ ಎಂದಷ್ಟೇ ಕೇಳಿದಳು. ರೇವಣ್ಣ, ಅವರು ಬರಲಿ, ನಾನು ಕೊಡವೋದು ಹಿಟ್ಟು ತಾನೇ ಎಂದ.

ತಿಪ್ಪೇಶಪ್ಪನ ಮನೆಗೆ ನಾನು ಹೋಗುವ ಮೊದಲೇ ಅವನೇ ಬಂದ. ಭಾನುವಾರ ಬೆಳಿಗ್ಗೆ, ಹೊಸ ಮುಖದ ಸುದ್ದಿ ಕೇಳಿ, ಒಗೆದ ಅಂಗಿ ಹಾಕಿಕೊಂಡು ಬಂದ. ತಾನೂ ಬರುತ್ತೇನೆ ಎಂದು ಮಗಳು ಹಿಂದೆಯೇ ಬಂದಿದ್ದಳು. ಒಳಗೆ ಬನ್ನಿ ಎಂದರೂ ಹೊಸ್ತಿಲ ಹೊರಗೆ ನಿಂತ. ಅಕ್ಕ ಬಾಗಿಲಿಗೆ ಬಂದಳು. ಅವನು ಅವಳನ್ನು ನೋಡಿದ. ಊರಿನ ಉಳಿದವರು ನೋಡಿದ ಹಾಗೆ ಎರಡನ್ನೂ ಹೋಲಿಸಲಿಲ್ಲ. ಯಾವುದೋ ಬೀಗದ ಒಳಗನ್ನು ನೋಡುವ ಹಾಗೆ, ಅವಸರವಿಲ್ಲದೆ ನೋಡಿದ. ಆಮೇಲೆ ನಿಮಗೆ ವಯಸ್ಸೆಷ್ಟು ಎಂದು ಕೇಳಿದ. ಅರವತ್ತು ಎಂದಳು ಅಕ್ಕ.

"ಅವಳು ಇದ್ದಿದ್ದರೆ ನಲವತ್ತೇಳು" ಎಂದ ತಿಪ್ಪೇಶಪ್ಪ. "ಇಷ್ಟು ವಯಸ್ಸಾಗ್ತಿರಲಿಲ್ಲ."

ಹಿಂದೆ ನಿಂತಿದ್ದ ಶಾಂಭವಿ ಮೆಲ್ಲಗೆ ಹೇಳಿದಳು. "ನನ್ನನ್ನ ಸಾಕಿದ್ದರೆ ಆಗಿರೋದು ಅಪ್ಪ."

ಅವನು ತಿರುಗಿ ಅವಳನ್ನು ನೋಡಿದ. ಆ ಮಾತಿನ ಒಳಗೆ ಏನಿದೆ ಎಂದು ಅವನಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು. "ಯಾವಾಗಿಂದ ಗೊತ್ತು?" ಎಂದು ಕೇಳಿದ. ಹನ್ನೊಂದು ವರ್ಷದವಳಿದ್ದಾಗಿನಿಂದ ಎಂದಳು. ಅವನು ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟ. ಅಷ್ಟು ವರ್ಷ ಒಂದೇ ಗೋಡೆಯ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಕೂತಿದ್ದರು. ಅಕ್ಕ ನೀರು ತಂದುಕೊಟ್ಟಳು. ಅವನು ಕುಡಿದು, ಬಾಯಿ ಒರೆಸಿಕೊಂಡು, ನನಗಲ್ಲ, ಅಕ್ಕನಿಗೆ ಹೇಳಿದ. "ಬರೆಸ್ಕೊಳ್ಳಿ ತಾಯಿ."

ಮುಂದಿನ ಭಾನುವಾರ ತಿಂಡಿಯಾದ ಮೇಲೆ ಶುರುಮಾಡುತ್ತೇನೆ ಎಂದು ಉಳಿದ ಮೂವತ್ತನಾಲ್ಕು ಮನೆಗೂ ತಿಳಿಸಿದೆ. ಅಂಥ ದಿನ ನಮ್ಮ ಊರಿನಲ್ಲಿ ಜನ ಪ್ರತಿಯ ಮುಂದೆ ಚಾಪೆ ಹಾಕಿಕೊಂಡು ಕೂರುತ್ತಾರೆ, ಪ್ರತಿ ಇಲ್ಲದವರು ಇದ್ದವರ ಮನೆಗೆ ಹೋಗುತ್ತಾರೆ. ರೇವಣ್ಣ ಗಿರಣಿ ಮುಚ್ಚಿದ್ದ. ಮಾಳಿಗೆ ಹತ್ತಲು ಅಕ್ಕನಿಗೆ ಮಂಡಿ ನೋವು, ಅದಕ್ಕೆ ಹಿತ್ತಲಿನ ಬಾಗಿಲ ಬಿಸಿಲಿನಲ್ಲೇ ಕುರ್ಚಿ ಹಾಕಿದೆ. ಓಣಿಯ ಕಡೆ ನೋಡು ಎಂದೆ. ಅಲ್ಲೇನಿದೆ ಎಂದು ನನ್ನ ಕಡೆಗೇ ನೋಡುತ್ತಾ ಕೂತಳು.

ಮೊದಲು ಕೂದಲು ತೆಗೆದೆ. ಆ ಕೂದಲನ್ನು ಬರೆಯಲು ಒಂದು ಇಡೀ ಬೆಳಿಗ್ಗೆ ಹಿಡಿದಿತ್ತು, ಹೋಗಲು ಕಾಲು ಗಂಟೆ ಸಾಕಾಯಿತು. ಹಳೆಯ ಮುಖವನ್ನು ಮುಚ್ಚುವಾಗ ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಿದೆ. ಓಣಿಯಾಚೆ ಯಾವುದೋ ಮನೆಯಲ್ಲಿ ಮಾತು ನಿಂತದ್ದು ಕೇಳಿಸಿತು. ಆಮೇಲೆ ಕೆಲಸದಲ್ಲಿ ಮರೆತೆ. ಹನ್ನೊಂದರ ಹೊತ್ತಿಗೆ ಕಾಂಪೌಂಡಿನಾಚೆಯಿಂದ ಇಂದಿರಮ್ಮ, "ಅನಸೂಯಾ, ಎಡಗಿವಿ ಒಂಚೂರು ಕೆಳಗೆ ಬಂತು ಕಣೆ" ಎಂದರು. ನೋಡಿದೆ, ನಿಜ. ತಿದ್ದಿದೆ. ಅಕ್ಕ ನಕ್ಕಳು. ಆ ನಗು ಹೋಗುವುದರೊಳಗೆ ಎಷ್ಟು ಸಿಕ್ಕಿತೋ ಅಷ್ಟನ್ನು ಹಾಕಿದೆ. ಕನ್ನಡಕ, ಹುಬ್ಬಿನ ನಡುವಿನ ಗೆರೆ, ಕಿವಿಯ ಮಟ್ಟದ ಬಿಳಿ ಕೂದಲು. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಮೊದಲಿನದಕ್ಕಿಂತ ಚೆನ್ನಾಗಿ ಬರಲಿಲ್ಲ. ಕೆನ್ನೆಯ ಬಣ್ಣ ಒಂದು ಕಡೆ ಮಂಕಾಯಿತು, ಹಳೆಯ ಬಿಸಿಲು ಹೊಸ ಮುಖದ ಮೇಲೆ ಸರಿಯಾಗಿ ಬೀಳಲಿಲ್ಲ. ಆದರೆ ಅದು ಅಕ್ಕ. ಅವಳು ಬಂದು ನೋಡಿ, ಹೂಂ ಎಂದು ತಟ್ಟೆ ಹಾಕಲು ಹೋದಳು.

ಆಮೇಲೆ ಐದು ತಿಂಗಳು ಒಂದು ಪ್ರತಿಯೂ ಹೋಗಲಿಲ್ಲ. ಮೌನೇಶ ಅದನ್ನು ತಂತಿಯಿಂದ ಇಳಿಸಿ ನವಿಲಿನ ಹಿಂದೆ ಇಟ್ಟ. ನಾನು ಹಡಗು ಬರೆಯಲು ಶುರುಮಾಡಿದ್ದೇನೆ, ಹೋಗುತ್ತದೆ. ಅಕ್ಕ ಗಿರಣಿಗೆ ಹೋದರೆ ರೇವಣ್ಣ ಈಗ ಬೀಸಿದ್ದಕ್ಕೆ ದುಡ್ಡು ತೆಗೆದುಕೊಳ್ಳುತ್ತಾನೆ. ದವಾಖಾನೆಯಲ್ಲಿ ಯಾರೂ ಅವಳ ಕಡೆ ಎರಡನೆಯ ಸಲ ನೋಡುವುದಿಲ್ಲವಂತೆ. ಹೊಸದರಲ್ಲಿ ತಿಪ್ಪೇಶಪ್ಪ ಒಮ್ಮೆ ನನ್ನನ್ನು ಮಾರ್ಕೆಟ್ಟಿನಲ್ಲಿ ತಡೆದು, ಮೊದಲಿನವಳು ಪಕ್ಕಕ್ಕೆ ನೋಡುತ್ತಿದ್ದಳು, ಇವರು ನೆಟ್ಟಗೆ ನಮ್ಮನ್ನೇ ನೋಡುತ್ತಾರೆ, ಅಂಗಿ ಹಾಕಿಕೊಳ್ಳದೆ ಊಟಕ್ಕೆ ಕೂರಲು ಆಗುತ್ತಿಲ್ಲ ಎಂದು ದೂರು ಹೇಳಿದ.

ಹೋದ ತಿಂಗಳು ಶಾಂಭವಿಯ ಕೆಲಸ ಖಾಯಂ ಆಯಿತು. ತಂದೆ ಮಗಳು ಬಂದು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ನಾನು ಹೋಗಲಿಲ್ಲ. ನಾನು ಹೋದರೆ ಚಿತ್ರ ಬರೆದವಳು ಎಂದು ಎಲ್ಲರೂ ಗೋಡೆ ನೋಡುತ್ತಾರೆ ಎನ್ನಿಸಿತು. ಅಕ್ಕ ಒಬ್ಬಳೇ, ನೀಲಿ ಅಂಚಿನ ಸೀರೆ ಉಟ್ಟು, ಹೊಲಿದಿಟ್ಟಿದ್ದ ದಿಂಬಿನ ಕವರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು. ಸಂಜೆ ಐದಕ್ಕೆ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಕುರ್ಚಿಯಲ್ಲಿ ಕೂತಳು. ಏನೇನು ಮಾಡಿದ್ದರು ಎಂದು ಕೇಳಿದೆ. ಹೋಳಿಗೆ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ. ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿತ್ತು, ಹೇಳಿಬಿಟ್ಟೆ ಎಂದಳು. ಆ ಮನುಷ್ಯ ತಾನೇ ಮಾಡಿದ್ದನಂತೆ, ಹೌದಾ ಎಂದು ಎರಡು ಸಲ ರುಚಿ ನೋಡಿದನಂತೆ. ಇಷ್ಟು ವರ್ಷ ಹೀಗೇ ತಿಂದಿದ್ದೀವಿ, ಯಾರೂ ಹೇಳಿರಲಿಲ್ಲ ಎಂದನಂತೆ.

ನಾನು ತಡೆಯಲಾರದೆ ಕೇಳಿದೆ. ಚಿತ್ರ ಎಲ್ಲಿದೆ, ಹೇಗೆ ಕಾಣುತ್ತೆ?

ಅಕ್ಕ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

"ನಾನು ಅದರ ಕೆಳಗೇ ಕೂತು ಉಂಡೆ ಕಣೇ. ಯಾರೂ ಮೇಲೆ ನೋಡಲಿಲ್ಲ."